ಅಂಚೆಚೀಟಿ ಸಂಗ್ರಹದ ಕೌತುಕಗಳು

ಅಂಚೆಚೀಟಿಗಳನ್ನೂ ಅವುಗಳ ಮೇಲೆ ಬಿದ್ದ ಠಸ್ಸೆಗಳನ್ನೂ ಅವನ್ನು ಹೊತ್ತುಬಂದ ಲಕೋಟೆಗಳನ್ನೂ ಕೂಡಿಹಾಕಿ, ವಿಂಗಡಿಸಿ, ಹುಟ್ಟುಚರಿತ್ರೆಯನ್ನು ಬೆದಕುವ ಹವ್ಯಾಸಕ್ಕೆ ಅಂಚೆಚೀಟಿ ಸಂಗ್ರಹವೆಂದು ಹೆಸರು. ಇಂಗ್ಲಿಷಿನಲ್ಲಿ ಇದು ಫಿಲಾಟೆಲಿ. ಈ ಪದವನ್ನು 1864ರಲ್ಲಿ ಟಂಕಿಸಿದವನು ಫ್ರಾನ್ಸಿನ ಜಾರ್ಜ್ ಎರ್ಪ್ಯಾಂ ಎಂಬ ಸಂಗ್ರಹಕಾರ. ಅಂಚೆಚೀಟಿಗೆ ಪ್ರಾಚೀನ ಗ್ರೀಕಿನಲ್ಲಿ ಪದ ಎಲ್ಲಿಂದ ಬರಬೇಕು? ಅದಕ್ಕಾಗಿ ಆತ ಪ್ರೀತಿ ಎಂಬರ್ಥದ ‘ಫಿಲೋಸ್’ ಜೊತೆಗೆ ಸುಂಕವಿನಾಯಿತಿ ಎಂಬರ್ಥದ ‘ಅತೆಲೆಯಾ’ವನ್ನು ಬೆಸೆದ. ಹಣ ಮೊದಲೇ ಸಂದಿದೆ, ಕಾಗದ ಪಡೆಯುವವರು ಏನೂ ಕೊಡಬೇಕಾಗಿಲ್ಲ ಎಂದು ಸಾರುವುದೇ ಚೀಟಿಯ ಕೆಲಸವಲ್ಲವೇ? ಹಾಗಾಗಿ ಪದಶಃ ಅರ್ಥ ಮಾಡಿದರೆ ಈ ಹವ್ಯಾಸಿಗಳೆಲ್ಲ ಸುಂಕ ತಪ್ಪಿದ್ದನ್ನು ಪ್ರೀತಿಸುವವರು.

ಈ ಲೋಕದಲ್ಲಿ ಬೆಲೆ ಕಟ್ಟುವ ರೀತಿಯೂ ಅಷ್ಟೇ ವಿಚಿತ್ರ. ತಪ್ಪಿಲ್ಲದೆ ಅಚ್ಚಾಗಿ, ಹೋಗಬೇಕಾದಲ್ಲಿಗೆ ಕಾಗದ ಮುಟ್ಟಿಸಿದ ಚೀಟಿಗೆ ಇಲ್ಲಿ ಸಾಮಾನ್ಯವಾಗಿ ಮೂರು ಕಾಸಿನ ಬೆಲೆಯಿಲ್ಲ. ಅಚ್ಚುಮನೆಯವರ ಕಣ್ಣಿಗೆ ಬಿದ್ದಿದ್ದರೆ ಹರಿದು ಬುಟ್ಟಿಗೆ ಹಾಕುತ್ತಿದ್ದ ಚೀಟಿಯೇ ಹರಾಜುಕಟ್ಟೆಯಲ್ಲಿ ಬಂಗಲೆಯ ಬೆಲೆಗೆ ಹೋಗುತ್ತದೆ. ಅಂಚೆ ಇಲಾಖೆ ನಾಚಿಕೊಂಡ ಸಂಗತಿಗಳೇ ಸಂಗ್ರಹಕಾರನ ಸಂಪತ್ತು. ಇಲ್ಲಿ ಹೇಳಿರುವ ಕೌತುಕಗಳಲ್ಲಿ ಹೆಚ್ಚಿನವು ಆ ಜಾತಿಯವೇ.

ಮೊದಲ ಚೀಟಿ

1840ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಕಾಗದದ ದುಡ್ಡನ್ನು ಹೆಚ್ಚಾಗಿ ಪಡೆಯುವವರೇ ತೆರುತ್ತಿದ್ದರು. ದೂರ ಹೆಚ್ಚಿದಂತೆ, ಹಾಳೆಗಳ ಸಂಖ್ಯೆ ಹೆಚ್ಚಿದಂತೆ ದರವೂ ಏರುತ್ತಿತ್ತು. ಬಡವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕಾಗದದ ಹೊರಮೈಯಲ್ಲಿ ಗುಟ್ಟಿನ ಗುರುತು ಹಾಕಿ ಕಳಿಸುವುದು. ಪಡೆಯುವವರು ಅದನ್ನು ಕೈಯಲ್ಲಿ ಹಿಡಿದು ನೋಡಿ, ‘ಮನೆಯಲ್ಲಿ ಎಲ್ಲರೂ ಕ್ಷೇಮ’ ಎಂದು ತಿಳಿದುಕೊಂಡು, ದುಡ್ಡಿಲ್ಲವೆಂದು ಹಿಂದಿರುಗಿಸುವುದು. ಮಿಸ್ಡ್ ಕಾಲ್ ಕೊಟ್ಟು ಸುದ್ದಿ ಮುಟ್ಟಿಸಿದ ನಮ್ಮ ಪೀಳಿಗೆಗೆ ಈ ಜಾಣತನವನ್ನು ವಿವರಿಸಬೇಕಾಗಿಲ್ಲ. ರೋಲೆಂಡ್ ಹಿಲ್ 1837ರಲ್ಲಿ ಅಂಚೆಸುಧಾರಣೆಯ ಬಗ್ಗೆ ಬರೆದ ಪುಸ್ತಿಕೆಯಿಂದ ಈ ವ್ಯವಸ್ಥೆ ಬದಲಾಯಿತು. ದೂರ ಎಷ್ಟೇ ಇರಲಿ, ಅರ್ಧ ಔನ್ಸ್ ತೂಕಕ್ಕೆ ಒಂದೇ ಪೆನ್ನಿ, ಅದನ್ನೂ ಕಳಿಸುವವನೇ ಮೊದಲು ಕೊಡಬೇಕು ಎಂಬುದು ಅವನ ಸೂತ್ರ. ಅದರ ಫಲವಾದ ‘ಪೆನ್ನಿ ಬ್ಲ್ಯಾಕ್’ 1840ರ ಮೇ 1ರಂದು ಮಾರಾಟಕ್ಕೆ ಬಂತು; ಮೇ 6ರಿಂದ ಚಲಾವಣೆಯಾಯಿತು.

ಒಂದು ಹಾಳೆಯಲ್ಲಿ 240 ಚೀಟಿ. ಆಗ ಒಂದು ಪೌಂಡಿಗೆ 240 ಪೆನ್ನಿ, ಒಂದು ಷಿಲಿಂಗಿಗೆ 12 ಪೆನ್ನಿ. ಹಾಳೆಯ ಪೂರ್ತಿ ಬೆಲೆ ಒಂದು ಪೌಂಡ್, ಅಡ್ಡಸಾಲು ಒಂದರ ಬೆಲೆ ಒಂದು ಷಿಲಿಂಗ್. ಗುಮಾಸ್ತನಿಗೆ ಲೆಕ್ಕ ಸಲೀಸಾಗಲಿ ಎಂಬ ಮುಂದಾಲೋಚನೆ. ಪ್ರತಿ ಚೀಟಿಯ ಕೆಳಮೂಲೆಗಳಲ್ಲಿ ಎರಡು ಅಕ್ಷರಗಳಿದ್ದವು. ಎಡಗಡೆಯದು ಸಾಲನ್ನೂ ಬಲಗಡೆಯದು ಆ ಸಾಲಿನಲ್ಲಿ ಚೀಟಿಯ ಜಾಗವನ್ನೂ ಸೂಚಿಸುತ್ತಿತ್ತು. ಖೋಟಾ ಮಾಡುವವನು 240 ಬೇರೆ ಬೇರೆ ಜೋಡಿ ಅಕ್ಷರ ಕೆತ್ತುವ ಗೋಜಿಗೆ ಹೋಗಲಾರ ಎಂಬ ನಂಬಿಕೆ. ಇವತ್ತಿಗೆ ಅದೇ ಅಕ್ಷರಗಳಿಂದ ಒಂಟಿ ಚೀಟಿಗಳನ್ನು ಹುಡುಕಿ ಕೂಡಿಸಿ, ಇಡೀ ಹಾಳೆಯನ್ನು ಮತ್ತೆ ಕಟ್ಟುವ ಹಟವಾದಿ ಸಂಗ್ರಹಕಾರರಿದ್ದಾರೆ.

ಚೀಟಿಯಲ್ಲಿ ದೇಶದ ಹೆಸರಿಲ್ಲ. ಆಗ ಜಗತ್ತಿನಲ್ಲಿ ಬೇರೆ ಅಂಚೆಚೀಟಿಯೇ ಇಲ್ಲದಿದ್ದಾಗ ಹೆಸರು ಯಾಕೆ ಬೇಕು? ಬ್ರಿಟನ್ ಇಂದಿಗೂ ತನ್ನ ಚೀಟಿಗಳ ಮೇಲೆ ಹೆಸರು ಅಚ್ಚುಹಾಕುವುದಿಲ್ಲ. ದೊರೆಯ ತಲೆಯೇ ಅದರ ವಿಳಾಸ. ವಿಕ್ಟೋರಿಯಾ ರಾಣಿಯ ಮುಖವನ್ನು ವಿಲಿಯಂ ವಯನ್ ಕೆತ್ತಿದ ಪದಕದಿಂದ ತೆಗೆದುಕೊಂಡಿದ್ದರು. ಅದರ ಮೂಲ ಆಕೆ ಹದಿನೈದರ ಹುಡುಗಿಯಾಗಿದ್ದಾಗಿನ ಚಿತ್ರ. 81ನೆಯ ವಯಸ್ಸಿನಲ್ಲಿ ರಾಣಿ ತೀರಿಕೊಳ್ಳುವವರೆಗೂ ಬ್ರಿಟನ್ನಿನ ಚೀಟಿಗಳಲ್ಲಿ ಆಕೆಗೆ ಮುಪ್ಪು ಬರಲಿಲ್ಲ.

ಪೆನ್ನಿ ಬ್ಲ್ಯಾಕ್ ಅಪರೂಪವೆಂಬ ತಿಳಿವಳಿಕೆ ತಪ್ಪು. ಆರು ಕೋಟಿ ಎಂಬತ್ತು ಲಕ್ಷಕ್ಕೂ ಮೇಲೆ ಅಚ್ಚಾದವು. ಆಗ ಲಕೋಟೆಯ ಬಳಕೆ ಕಡಿಮೆ; ಕಾಗದವನ್ನೇ ಮಡಿಸಿ ಅದರ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದರು. ವಕೀಲರೂ ಬ್ಯಾಂಕಿನವರೂ ವರ್ತಕರೂ ಕಾಗದಗಳನ್ನು ಕಟ್ಟುಕಟ್ಟಾಗಿ ಜೋಪಾನ ಮಾಡಿದ್ದರಿಂದ ಚೀಟಿಗಳೂ ಉಳಿದವು. ಇಷ್ಟಾಗಿಯೂ ಅದರ ಬಾಳು ಒಂದು ವರ್ಷವೂ ಆಗಲಿಲ್ಲ. ಕಪ್ಪು ಚೀಟಿಯ ಮೇಲೆ ಕೆಂಪು ಮಸಿಯ ಠಸ್ಸೆ ಹಾಕುತ್ತಿದ್ದರು. ಜನ ಕೆಂಪನ್ನು ತೊಳೆದು ಚೀಟಿಯನ್ನು ಮತ್ತೆ ಅಂಟಿಸತೊಡಗಿದರು. 1841ರಲ್ಲಿ ಚೀಟಿ ಕೆಂಪಾಯಿತು, ಠಸ್ಸೆ ಕಪ್ಪಾಯಿತು. ಮೊದಲ ಚೀಟಿಗಳಿಗೆ ಅಂಚಿನ ತೂತುಗಳೂ ಇರಲಿಲ್ಲ. ಗುಮಾಸ್ತರು ಕತ್ತರಿಯಿಂದ ಕತ್ತರಿಸಿ ಕೊಡಬೇಕಿತ್ತು. ಅದಕ್ಕೇ ನಾಲ್ಕೂ ಕಡೆ ಬಿಳಿ ಅಂಚು ಉಳಿದ ಪೆನ್ನಿ ಬ್ಲ್ಯಾಕ್‌ಗೆ ಈಗ ಬೆಲೆ ಹೆಚ್ಚು. ಎಂದೋ ಒಬ್ಬ ಗುಮಾಸ್ತನ ಕೈ ನೆಟ್ಟಗಿದ್ದುದಕ್ಕೆ ಇಂದು ಸಲ್ಲುವ ಸಂಭಾವನೆ.

ತಲೆಕೆಳಗಾದ ವಿಮಾನ

ಅಚ್ಚಿನ ತಪ್ಪುಗಳ ಪೈಕಿ ಹೆಸರುವಾಸಿಯಾದದ್ದು ಅಮೆರಿಕದ ‘ಇನ್ವರ್ಟೆಡ್ ಜೆನ್ನಿ’. 1918ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ಅಂಚೆ ಆರಂಭವಾಗಲಿತ್ತು. ಅದಕ್ಕಾಗಿ 24 ಸೆಂಟಿನ ಚೀಟಿಯನ್ನು ಆತುರಾತುರವಾಗಿ ಅಚ್ಚುಹಾಕಿದರು. ಕೆಂಪು ಚೌಕಟ್ಟು ಒಮ್ಮೆ, ನೀಲಿ ವಿಮಾನ ಇನ್ನೊಮ್ಮೆ, ಹೀಗೆ ಹಾಳೆ ಎರಡು ಸಲ ಯಂತ್ರಕ್ಕೆ ಹೋಗಬೇಕು. ಎರಡನೆಯ ಸಲ ಹಾಳೆ ತಿರುವುಮುರುವಾದರೆ ವಿಮಾನ ಹೊಟ್ಟೆ ಮೇಲೆ ಮಾಡಿ ಹಾರುತ್ತದೆ. ಮೇ 14ರಂದು ವಾಷಿಂಗ್ಟನ್ನಿನ ಅಂಚೆಕಚೇರಿಯೊಂದರಲ್ಲಿ ವಿಲಿಯಂ ರೋಬಿ ಎಂಬಾತ 24 ಡಾಲರ್ ಕೊಟ್ಟು ನೂರು ಚೀಟಿಗಳ ಹಾಳೆ ಕೊಂಡ. ನೂರೂ ತಲೆಕೆಳಗು. ವಾರದೊಳಗೆ ಅದು 15,000 ಡಾಲರಿಗೆ ಯೂಜಿನ್ ಕ್ಲೈನ್ ಎಂಬ ವ್ಯಾಪಾರಿಯ ಕೈ ಸೇರಿ, ಅಲ್ಲಿಂದ 20,000 ಡಾಲರಿಗೆ ಕರ್ನಲ್ ಗ್ರೀನ್ ಎಂಬ ಶ್ರೀಮಂತನ ಪಾಲಾಯಿತು. ಹಾಳೆ ಒಡೆಯುವ ಮೊದಲು ಪ್ರತಿ ಚೀಟಿಯ ಹಿಂದೆ ಪೆನ್ಸಿಲಿನಿಂದ ಅದರ ಕ್ರಮಸಂಖ್ಯೆ ಬರೆದಿಟ್ಟರು. ಮುಂದೆ ಒಂದೊಂದು ಚೀಟಿಯ ಜಾತಕವೂ ಸಿಗುವಂತಾದದ್ದು ಆ ಪೆನ್ಸಿಲಿನ ದೆಸೆಯಿಂದ. ಇವುಗಳಲ್ಲಿ 49ನೆಯದು 2023ರಲ್ಲಿ ಇಪ್ಪತ್ತು ಲಕ್ಷ ಡಾಲರಿಗೆ ಮಾರಾಟವಾಯಿತು.

ಚೀಟಿಯ ಮೇಲಿನ ವಿಮಾನಕ್ಕೆ 38262 ಎಂಬ ಸಂಖ್ಯೆಯಿದೆ. ರೋಬಿ ಹಾಳೆ ಕೊಂಡ ಮರುದಿನ, ಮೇ 15ರಂದು, ಅಧ್ಯಕ್ಷರೂ ಸೇರಿದಂತೆ ಗಣ್ಯರೆಲ್ಲ ನೆರೆದಿದ್ದಾಗ ವಾಷಿಂಗ್ಟನ್ನಿನಿಂದ ಟಪಾಲು ಹೊತ್ತು ಹೊರಟದ್ದು ಇದೇ ಸಂಖ್ಯೆಯ ವಿಮಾನ. ಉತ್ತರಕ್ಕೆ ಫಿಲಡೆಲ್ಫಿಯಾದ ದಾರಿ ಹಿಡಿಯಬೇಕಿದ್ದ ಚಾಲಕ ಜಾರ್ಜ್ ಬಾಯ್ಲ್ ದಿಕ್ಕುತಪ್ಪಿ ದಕ್ಷಿಣಕ್ಕೆ ಹಾರಿದ, ಮೇರಿಲ್ಯಾಂಡಿನ ವಾಲ್ಡಾರ್ಫ್ ಬಳಿ ಇಳಿಯುವಾಗ ವಿಮಾನವನ್ನು ಜಖಂ ಮಾಡಿಕೊಂಡ. ಟಪಾಲು ರಸ್ತೆಯ ಮೇಲೆ ವಾಪಸಾಯಿತು. ತಲೆಕೆಳಗಾದ ಚೀಟಿ ಸುಳ್ಳು ಹೇಳಿರಲಿಲ್ಲ.

ಇದೇ ಹಾಳೆಯ ನಾಲ್ಕು ಚೀಟಿಗಳ ಒಂದು ಕಟ್ಟು ಎಥೆಲ್ ಮೆಕಾಯ್ ಎಂಬ ಸಂಗ್ರಾಹಕಿಯ ಬಳಿಯಿತ್ತು. 1955ರಲ್ಲಿ ವರ್ಜೀನಿಯಾದ ನಾರ್ಫೋಕ್‌ನ ಪ್ರದರ್ಶನದಿಂದ ಅದು ಕಳುವಾಯಿತು. ಕಳ್ಳರು ಅದನ್ನು ಬಿಡಿಬಿಡಿ ಮಾಡಿದರು. ಎರಡು ಚೀಟಿ ಕೆಲವು ದಶಕಗಳ ನಂತರ ದೊರೆತವು; ಮೂರನೆಯದು 2016ರಲ್ಲಿ ಉತ್ತರ ಐರ್ಲೆಂಡಿನಿಂದ ಹರಾಜಿಗೆ ಬಂದಾಗ ಸಿಕ್ಕಿಬಿತ್ತು. ನಾಲ್ಕನೆಯದನ್ನು ಇನ್ನೂ ಹುಡುಕುತ್ತಿದ್ದಾರೆ. 2013ರಲ್ಲಿ ಅಮೆರಿಕದ ಅಂಚೆ ಇಲಾಖೆ ತನ್ನ ಹಳೆಯ ತಪ್ಪನ್ನೇ ಎರಡು ಡಾಲರಿನ ಚೀಟಿಯಾಗಿ ಬೇಕೆಂದೇ ಮತ್ತೆ ಅಚ್ಚುಹಾಕಿತು. ಅವುಗಳ ನಡುವೆ ವಿಮಾನ ನೆಟ್ಟಗಿರುವ ನೂರು ಹಾಳೆಗಳನ್ನು ಗುಟ್ಟಾಗಿ ಸೇರಿಸಿತು. ತಪ್ಪೇ ಸರಿಯಾದಲ್ಲಿ ಸರಿಯೇ ಅಪರೂಪವಾಗಬೇಕಲ್ಲ! ಬೇಕೆಂದು ಮಾಡಿದ ತಪ್ಪಿಗೆ ತಪ್ಪಿನ ಘನತೆ ಬರುವುದಿಲ್ಲ ಎಂದು ಮೂಗುಮುರಿದವರೂ ಉಂಟು.

ತಲೆಕೆಳಗಿನ ಚೀಟಿಯ ವಿಷಯದಲ್ಲಿ ಭಾರತ ಅಮೆರಿಕಕ್ಕಿಂತ ಅರವತ್ತು ವರ್ಷ ಮುಂದಿತ್ತು. 1854ರಲ್ಲಿ ಕಲ್ಕತ್ತೆಯಲ್ಲಿ ಕ್ಯಾಪ್ಟನ್ ಥುಲಿಯರ್ ಮೇಲ್ವಿಚಾರಣೆಯಲ್ಲಿ ಕಲ್ಲಚ್ಚಿನಿಂದ ತಯಾರಾದ ನಾಲ್ಕಾಣೆಯ ಚೀಟಿಗೆ ಕೆಂಪು ಚೌಕಟ್ಟು, ನೀಲಿ ತಲೆ. ಕೆಲವು ಚೀಟಿಗಳಲ್ಲಿ ವಿಕ್ಟೋರಿಯಾ ರಾಣಿ ಶೀರ್ಷಾಸನ ಹಾಕಿದ್ದಾಳೆ. ಗುಮಾಸ್ತರೂ ಗಮನಿಸದೆ ಅವು ಬಳಕೆಯಾಗಿಹೋದವು. ಉಳಿದಿರುವ ಬೆರಳೆಣಿಕೆಯವು ಇಂದು ಭಾರತೀಯ ಚೀಟಿಗಳ ಕಿರೀಟ.

ಸ್ವೀಡನ್ನಿನ ಹಳದಿ ಚೀಟಿಯ ಕತೆಯಲ್ಲಿ ತಪ್ಪಿದ್ದು ಬಣ್ಣ. 1855ರ ಮೂರು ಸ್ಕಿಲ್ಲಿಂಗಿನ ಚೀಟಿ ಹಸಿರಾಗಿರಬೇಕು. ಎಂಟು ಸ್ಕಿಲ್ಲಿಂಗಿನ ಹಳದಿ ಚೀಟಿಯ ಅಚ್ಚಿನ ಗುಂಪಿನೊಳಗೆ ಮೂರರ ಮೊಳೆಯೊಂದು ಸೇರಿಕೊಂಡಿದ್ದರಿಂದ ಹಳದಿ ಮೂರು ಹುಟ್ಟಿತು. ಗೊತ್ತಿರುವುದು ಒಂದೇ ಒಂದು ಪ್ರತಿ. ಅಜ್ಜಿಯ ಮನೆಯ ಹಳೆಯ ಕಾಗದಗಳಲ್ಲಿ ಸಿಕ್ಕ ಅದನ್ನು ಶಾಲಾಬಾಲಕನೊಬ್ಬ ಏಳು ಕ್ರೋನರಿಗೆ ಮಾರಿದ.

ಒಂಟಿ ಚೀಟಿ, ಎಂಟು ಮೂಲೆ

ನೋಡಲು ಮಾತ್ರ ಬಡಕಲು, ಬೆಲೆಯಲ್ಲಿ ಎಲ್ಲಕ್ಕೂ ಮೇಲು: ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟಿನ ಮೆಜೆಂಟಾ ಬಣ್ಣದ ಚೀಟಿ. ಲಂಡನ್ನಿನಿಂದ ಬರಬೇಕಿದ್ದ ಚೀಟಿಗಳು ತಡವಾದಾಗ ಅಲ್ಲಿನ ಪೋಸ್ಟ್‌ಮಾಸ್ಟರ್ ಊರಿನ ಪತ್ರಿಕಾ ಮುದ್ರಣಾಲಯದಲ್ಲೇ ತಾತ್ಕಾಲಿಕವಾಗಿ ಚೀಟಿ ಅಚ್ಚುಹಾಕಿಸಿದ. ಹಡಗಿನ ಚಿತ್ರ ಅಷ್ಟು ಕಳಪೆಯಾಗಿ ಬಂತೆಂದರೆ, ಯಾರಾದರೂ ನಕಲು ಮಾಡಿಯಾರೆಂದು ಹೆದರಿ ಮಾರುವ ಮೊದಲು ಪ್ರತಿ ಚೀಟಿಗೂ ಗುಮಾಸ್ತರ ಸಹಿಯ ಮೊದಲಕ್ಷರ ಹಾಕಿಸಿದರು. 1873ರಲ್ಲಿ ಲೂಯಿ ವಾನ್ ಎಂಬ ಹನ್ನೆರಡರ ಹುಡುಗ ಮನೆಯ ಹಳೆ ಕಾಗದಗಳಲ್ಲಿ ಇದನ್ನು ಕಂಡ. ಮೂಲೆಗಳನ್ನು ಯಾರೋ ಕತ್ತರಿಸಿ ಎಂಟು ಮೂಲೆ ಮಾಡಿದ್ದರು. ಅಂದವಾಗಿಲ್ಲವೆಂದು ಆರು ಷಿಲಿಂಗಿಗೆ ಮಾರಿದ.

ಆಮೇಲೆ ಇದರ ಒಡೆಯರ ಪಟ್ಟಿಯೇ ಒಂದು ಕಾದಂಬರಿ. ಪ್ಯಾರಿಸ್ಸಿನ ಫಿಲಿಪ್ ಫೆರಾರಿ ಎಂಬ ಏಕಾಂಗಿ ಶ್ರೀಮಂತ ಜೀವಮಾನವಿಡೀ ಚೀಟಿ ಕೂಡಿಟ್ಟು, ಸಂಗ್ರಹವನ್ನೆಲ್ಲ ಬರ್ಲಿನ್ನಿನ ವಸ್ತುಸಂಗ್ರಹಾಲಯಕ್ಕೆ ಬರೆದಿಟ್ಟು 1917ರಲ್ಲಿ ಸತ್ತ. ಆದರೆ ಅದು ಯುದ್ಧಕಾಲ. ಸಂಗ್ರಹ ಫ್ರೆಂಚ್ ನೆಲದಲ್ಲಿತ್ತು. ಸರ್ಕಾರ ಅದನ್ನು ಶತ್ರುವಿನ ಆಸ್ತಿಯೆಂದು ಜಪ್ತಿಮಾಡಿ, 1921ರಿಂದ ವರ್ಷಗಟ್ಟಲೆ ಹರಾಜು ಹಾಕಿತು. ಗಯಾನಾದ ಚೀಟಿ ಅಮೆರಿಕದ ಆರ್ಥರ್ ಹೈಂಡ್ ಪಾಲಾಯಿತು. ಇನ್ನೊಂದು ಪ್ರತಿಯನ್ನೂ ಗುಟ್ಟಾಗಿ ಕೊಂಡು ಸಿಗಾರಿನ ಕಿಡಿಯಿಂದ ಸುಟ್ಟುಹಾಕಿದನೆಂಬ ದಂತಕತೆ ಅವನ ಹೆಸರಿಗೆ ಅಂಟಿಕೊಂಡಿದೆ, ಪುರಾವೆಯಿಲ್ಲ. 1980ರಲ್ಲಿ 9,35,000 ಡಾಲರಿಗೆ ಕೊಂಡ ಜಾನ್ ಡ್ಯೂಪಾಂಟ್ ಮುಂದೆ ಕುಸ್ತಿಪಟುವೊಬ್ಬನನ್ನು ಕೊಂದು ಸೆರೆಮನೆಯಲ್ಲೇ ತೀರಿಕೊಂಡ. ಚೀಟಿ ಅಷ್ಟೂ ಕಾಲ ಬ್ಯಾಂಕಿನ ಕತ್ತಲೆಯಲ್ಲಿತ್ತು. 2014ರಲ್ಲಿ ಪಾದರಕ್ಷೆ ವಿನ್ಯಾಸಕ ಸ್ಟುವರ್ಟ್ ವೈಟ್ಸ್‌ಮನ್ ಸುಮಾರು 95 ಲಕ್ಷ ಡಾಲರ್ ತೆತ್ತ. 2021ರಲ್ಲಿ ಮಾರಿದಾಗ ಅದರ ಬೆಲೆ 83 ಲಕ್ಷ. ಒಡೆಯರು ಚೀಟಿಯ ಬೆನ್ನಿಗೆ ತಮ್ಮ ಗುರುತು ಹಾಕುವ ವಾಡಿಕೆ ಇದಕ್ಕಿದೆ. ವೈಟ್ಸ್‌ಮನ್ ಅಲ್ಲಿ ಎತ್ತರದ ಹಿಮ್ಮಡಿಯ ಒಂದು ಚಪ್ಪಲಿ ಬರೆದಿದ್ದಾನೆ.

ಮಾರಿಷಸ್ಸಿನ 1847ರ ಚೀಟಿಗಳಿಗೆ ಭಾರತದ ನಂಟಿದೆ. ಜೋಸೆಫ್ ಬಾರ್ನಾರ್ಡ್ ಕೆತ್ತಿದ ಒಂದು ಪೆನ್ನಿ, ಎರಡು ಪೆನ್ನಿಯ ಚೀಟಿಗಳನ್ನು ತಲಾ 500ರಂತೆ ಅಚ್ಚುಹಾಕಿದ್ದರು. ಉಳಿದಿರುವುದು ಮೂವತ್ತಕ್ಕೂ ಕಡಿಮೆ. ‘ಪೋಸ್ಟ್ ಪೇಯ್ಡ್’ ಎಂದು ಬರೆಯಬೇಕಿದ್ದವನು ಮರೆತು ‘ಪೋಸ್ಟ್ ಆಫೀಸ್’ ಎಂದು ಕೆತ್ತಿದನೆಂಬ ಕತೆ ಎಲ್ಲ ಪುಸ್ತಕಗಳಲ್ಲೂ ಇತ್ತು. ಅದು ಕಟ್ಟುಕತೆಯೆಂದು ಸಂಶೋಧಕರು ಈಗ ತೀರ್ಮಾನಿಸಿದ್ದಾರೆ. ಆದರೂ ಕತೆ ಸಾಯುವುದಿಲ್ಲ, ಯಾಕೆಂದರೆ ತಪ್ಪಿನ ಕತೆಯೇ ಸಂಗ್ರಹಕಾರನಿಗೆ ಇಷ್ಟ. ಒಂದು ಪೆನ್ನಿಯ ಎರಡು ಚೀಟಿ ಹೊತ್ತ ಕಾಗದವೊಂದು ಬೊಂಬಾಯಿಯ ಬೈಬಲ್ ಸೊಸೈಟಿಯ ಕಾರ್ಯದರ್ಶಿಗೆ ಬಂದಿತ್ತು. 1897ರಲ್ಲಿ ಅದು ಭಾರತದ ಒಂದು ಬಜಾರಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಮುಂದೆ ಐದನೆಯ ಜಾರ್ಜ್ ಎನಿಸಿದ ಯುವರಾಜ 1904ರಲ್ಲಿ ಎರಡು ಪೆನ್ನಿಯದನ್ನು 1,450 ಪೌಂಡಿಗೆ ಕೊಂಡ. ಯಾವನೋ ಮೂರ್ಖ ಒಂದು ಚೀಟಿಗೆ ಇಷ್ಟು ಸುರಿದಿದ್ದಾನೆ, ಕೇಳಿದಿರಾ ಎಂದು ಆಸ್ಥಾನಿಕನೊಬ್ಬ ಅವನ ಮುಂದೆಯೇ ನಕ್ಕನಂತೆ. ಆ ಮೂರ್ಖ ನಾನೇ ಎಂದು ಯುವರಾಜ ಉತ್ತರಿಸಿದನೆಂದು ಹೇಳುತ್ತಾರೆ.

ಚಿತ್ರದಲ್ಲಿ ತಪ್ಪು

ಅಚ್ಚು ಸರಿಯಿದ್ದು ಚಿತ್ರವೇ ತಪ್ಪಿದ ಚೀಟಿಗಳಿಗೆ ಬೆಲೆ ಅಷ್ಟಿಲ್ಲ, ನಗು ಹೆಚ್ಚು. ಸೇಂಟ್ ಕಿಟ್ಸ್-ನೆವಿಸ್ ದ್ವೀಪಗಳ 1903ರ ಚೀಟಿಯಲ್ಲಿ ಕೊಲಂಬಸ್ ದೂರದರ್ಶಕ ಹಿಡಿದು ನೆಲ ಹುಡುಕುತ್ತಿದ್ದಾನೆ. ಅವನು ಸತ್ತು ನೂರು ವರ್ಷ ಕಳೆದ ಮೇಲೆ ಹುಟ್ಟಿದ ಉಪಕರಣ ಅದು. 1956ರಲ್ಲಿ ಪೂರ್ವ ಜರ್ಮನಿ ಸಂಗೀತಕಾರ ಶೂಮನ್‌ನ ಶತಮಾನದ ಪುಣ್ಯತಿಥಿಗೆ ಚೀಟಿ ತಂದಾಗ ಅವನ ಹಿಂದೆ ಹಾಕಿದ ಸ್ವರಲಿಪಿ ಶೂಬರ್ಟ್‌ನದು. ಕೆಲವೇ ತಿಂಗಳಲ್ಲಿ ತಿದ್ದಿದ ಚೀಟಿ ಹೊರಬಂತು. ಅಮೆರಿಕ 2010ರ ಕೊನೆಗೆ ಹೊರತಂದ ಸ್ವಾತಂತ್ರ್ಯದೇವಿಯ ಚೀಟಿಯಲ್ಲಿ ಇರುವುದು ನ್ಯೂಯಾರ್ಕಿನ ಮೂರ್ತಿಯ ಮುಖವಲ್ಲ, ಲಾಸ್ ವೇಗಾಸ್ಸಿನ ಒಂದು ಹೋಟೆಲಿನ ಮುಂದಿರುವ ಪ್ರತಿಕೃತಿಯದು. ಇದನ್ನು ಮೊದಲು ಪತ್ತೆಹಚ್ಚಿದ್ದು ಸಂಗ್ರಹಕಾರರೇ. ಪ್ರತಿಕೃತಿಯ ಶಿಲ್ಪಿ ರಾಬರ್ಟ್ ಡೇವಿಡ್‌ಸನ್ ನ್ಯಾಯಾಲಯಕ್ಕೆ ಹೋಗಿ 2018ರಲ್ಲಿ 35 ಲಕ್ಷ ಡಾಲರ್ ಪರಿಹಾರ ಗೆದ್ದ.

ನಮ್ಮಲ್ಲೂ ಒಂದಿದೆ. ಸ್ವತಂತ್ರ ಭಾರತ 1949ರ ಆಗಸ್ಟ್ 15ರಂದು ದೇಶದ ಪುರಾತನ ಶಿಲ್ಪ, ಕಟ್ಟಡಗಳ ಚೀಟಿಮಾಲೆಯನ್ನು ಹೊರತಂದಿತು. ವಿಜಯಪುರದ ಗೋಳಗುಮ್ಮಟ ಇದೇ ಮಾಲೆಯ ಆರಾಣೆಯ ಚೀಟಿಯಲ್ಲಿದೆ. ಒಂದಾಣೆಯ ಚೀಟಿಯ ಬೋಧಿಸತ್ತ್ವನ ಚಿತ್ರ ಮಾತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿತ್ತು. ಮರುವರ್ಷ ಜುಲೈನಲ್ಲಿ ತಿದ್ದಿದರು. ಎರಡೂ ಅಗ್ಗದ ಚೀಟಿಗಳೇ. ಹಳೆಯ ಆಲ್ಬಂ ಇದ್ದವರು ತೆಗೆದು ಅಕ್ಕಪಕ್ಕ ಇಟ್ಟು ನೋಡಬಹುದು.

ಜ್ವಾಲಾಮುಖಿ ಹಾಕಿದ ಮತ

ಚೀಟಿಯೊಂದು ಭೂಗೋಳವನ್ನೇ ತಿರುಗಿಸಿದ ಕತೆ ಮಧ್ಯ ಅಮೆರಿಕದ್ದು. ಅಟ್ಲಾಂಟಿಕ್, ಪೆಸಿಫಿಕ್ ಸಾಗರಗಳನ್ನು ಕೂಡಿಸುವ ಕಾಲುವೆ ನಿಕರಾಗುವದಲ್ಲಿ ಆಗಬೇಕೋ ಪನಾಮಾದಲ್ಲಿ ಆಗಬೇಕೋ ಎಂದು 1902ರಲ್ಲಿ ಅಮೆರಿಕದ ಸೆನೆಟ್ ಚರ್ಚಿಸುತ್ತಿತ್ತು. ನಿಕರಾಗುವದ ಪಕ್ಷ ಬಲವಾಗಿತ್ತು. ಅದೇ ಮೇ ತಿಂಗಳಲ್ಲಿ ಕೆರಿಬಿಯನ್ನಿನ ಮಾರ್ಟಿನೀಕ್ ದ್ವೀಪದ ಪೆಲೆ ಜ್ವಾಲಾಮುಖಿ ಸಿಡಿದು ಸುಮಾರು ಮೂವತ್ತು ಸಾವಿರ ಜನ ಸತ್ತರು. ನಿಕರಾಗುವದಲ್ಲೂ ಜ್ವಾಲಾಮುಖಿಗಳಿವೆ, ಅವು ತಣ್ಣಗಾಗಿವೆ ಎಂದು ಅಲ್ಲಿನವರ ವಾದ. ಪನಾಮಾದ ಪರ ದುಡಿಯುತ್ತಿದ್ದ ಫ್ರೆಂಚ್ ಎಂಜಿನಿಯರ್ ಫಿಲಿಪ್ ಬುನೋ-ವರಿಯಾನಿಗೆ ಆಗ ನೆನಪಾದದ್ದು ನಿಕರಾಗುವ 1900ರಲ್ಲಿ ಹೊರತಂದಿದ್ದ ಅಂಚೆಚೀಟಿ: ಸರೋವರದ ದಡದಲ್ಲಿ ಮೊಮೊಟೊಂಬೊ ಪರ್ವತ, ಅದರ ನೆತ್ತಿಯಲ್ಲಿ ದಟ್ಟ ಹೊಗೆ. ವಾಷಿಂಗ್ಟನ್ನಿನ ಚೀಟಿ ಅಂಗಡಿಗಳನ್ನೆಲ್ಲ ಜಾಲಾಡಿ ತೊಂಬತ್ತು ಪ್ರತಿ ಕೂಡಿಸಿ, ತೊಂಬತ್ತು ಸೆನೆಟರುಗಳಿಗೂ ಒಂದೊಂದು ಕಳಿಸಿದ. ನಿಕರಾಗುವದ ಜ್ವಾಲಾಮುಖಿ ಹೊಗೆಯಾಡುತ್ತಿದೆಯೆಂದು ಅಲ್ಲಿನ ಸರ್ಕಾರವೇ ಅಚ್ಚುಹಾಕಿದೆಯಲ್ಲ ಎಂಬುದು ಅದರ ತಾತ್ಪರ್ಯ. ಜೂನ್ 19ರಂದು 42ಕ್ಕೆ 34 ಮತಗಳಿಂದ ಪನಾಮಾ ಗೆದ್ದಿತು. ಮತ ತಿರುಗಿದ್ದು ಚೀಟಿಯೊಂದರಿಂದಲೇ ಎಂದರೆ ಅತಿಯಾದೀತು. ಲೆಕ್ಕಾಚಾರ, ಹಣ, ಲಾಬಿ ಎಲ್ಲವೂ ಹಿಂದಿದ್ದವು. ಆದರೂ ಅಂದಕ್ಕೆಂದು ಹೊಗೆ ಬಿಡಿಸಿದ ಆ ಚಿತ್ರಕಾರ ತನ್ನ ದೇಶಕ್ಕೆ ಎಷ್ಟು ನಷ್ಟ ತಂದೆನೆಂದು ಕೈಕೈ ಹಿಸುಕಿಕೊಂಡಿದ್ದರೆ ಆಶ್ಚರ್ಯವಿಲ್ಲ.

ನಕಾಶೆಯ ಚೀಟಿಗಳಂತೂ ಜಗಳಗಂಟಿಗಳು. ಚಾಕೊ ಪ್ರದೇಶ ತನ್ನದೆಂದು ಬೊಲಿವಿಯಾ ಚೀಟಿ ಹೊರಡಿಸಿದರೆ, ತನ್ನದೆಂದು ಪರಗ್ವೇ ಅದಕ್ಕಿಂತ ದೊಡ್ಡ ಚೀಟಿ ಹೊರಡಿಸುತ್ತಿತ್ತು. 1932ರಲ್ಲಿ ಎರಡೂ ದೇಶಗಳು ನಿಜವಾಗಿಯೇ ಯುದ್ಧಕ್ಕಿಳಿದವು. ಚೀಟಿಯನ್ನೇ ಆಯುಧ ಮಾಡಿಕೊಂಡದ್ದೂ ಉಂಟು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಗೂಢಚಾರರು ಜರ್ಮನಿಯ ಟಪಾಲು ರೈಲುಗಳ ಮೇಲೆ ಬಾಂಬು ಹಾಕಿಸಿ, ಚೆಲ್ಲಾಪಿಲ್ಲಿಯಾದ ಚೀಲಗಳ ನಡುವೆ ತಮ್ಮ ಖೋಟಾ ಚೀಲಗಳನ್ನು ಉದುರಿಸುತ್ತಿದ್ದರು. ಹಿಟ್ಲರನ ಮುಖ ತಲೆಬುರುಡೆಯಾಗಿ ಬದಲಾದ, ‘ಜರ್ಮನ್ ಸಾಮ್ರಾಜ್ಯ’ದ ಬದಲು ‘ಹಾಳಾದ ಸಾಮ್ರಾಜ್ಯ’ ಎಂದು ಬರೆದ ಅಣಕು ಚೀಟಿಯನ್ನೂ ಅವರು ತಯಾರಿಸಿದ್ದರು. ಅದೇ ಯುದ್ಧದಲ್ಲಿ ಸುಭಾಷಚಂದ್ರ ಬೋಸರ ಆಜಾದ್ ಹಿಂದ್‌ಗಾಗಿ ಬರ್ಲಿನ್ನಿನಲ್ಲಿ ಚೀಟಿಗಳು ಅಚ್ಚಾದವು. ಒಂದು ಕಾಗದವನ್ನೂ ಹೊರುವ ಭಾಗ್ಯ ಅವಕ್ಕೆ ಬರಲಿಲ್ಲ.

ಭಾರತದ ಚೀಟಿ, ಮೈಸೂರಿನ ಅಂಚೆ

ಏಷ್ಯಾದ ಮೊದಲ ಅಂಚೆಚೀಟಿ ಹುಟ್ಟಿದ್ದು ಸಿಂಧ್ ಪ್ರಾಂತದಲ್ಲಿ, 1852ರ ಜುಲೈ 1ರಂದು. ಅಲ್ಲಿನ ಕಮಿಷನರ್ ಬಾರ್ಟ್ಲ್ ಫ್ರಿಯರ್ ಹೊರಡಿಸಿದ ಅರ್ಧಾಣೆಯ ‘ಸಿಂಧ್ ಡಾಕ್’ ದುಂಡಗಿತ್ತು. ಕೆಂಪು ಅರಗಿನ ಬಿಲ್ಲೆಯ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಗುರುತನ್ನು ಒತ್ತಿ ಮಾಡಿದ್ದು. ಮುಟ್ಟಿದರೆ ಪುಡಿಯಾಗುತ್ತಿದ್ದುದರಿಂದ ಬಿಳಿ ಕಾಗದದಲ್ಲೂ ಆಮೇಲೆ ನೀಲಿಯಲ್ಲೂ ತಂದರು. 1854ರಲ್ಲಿ ಇಡೀ ಭಾರತಕ್ಕೆ ಒಂದೇ ಚೀಟಿ ಬಂದಾಗ ಇವುಗಳನ್ನು ಹಿಂತೆಗೆದುಕೊಂಡರು. ಅರಗಿನದು ಒಡೆಯದೆ ಉಳಿದಿದ್ದರೆ ಅದೇ ಪವಾಡ.

ಮೈಸೂರು ಸಂಸ್ಥಾನಕ್ಕೆ ಸಿಂಧಿಗಿಂತಲೂ ಹಳೆಯ ಟಪಾಲು ವ್ಯವಸ್ಥೆಯಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ‘ಅಂಚೆ’ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅಷ್ಟು ಕಾಲ ಕಾಗದ ಹೊತ್ತರೂ ಅದು ಸ್ವಂತ ಅಂಚೆಚೀಟಿ ಹೊರತರಲಿಲ್ಲ. ನೆರೆಯ ತಿರುವಾಂಕೂರು 1888ರಲ್ಲೂ ಕೊಚ್ಚಿ 1892ರಲ್ಲೂ ಹೊರತಂದವು. ಕಲಬುರಗಿ, ಬೀದರ, ರಾಯಚೂರಿನ ಕನ್ನಡಿಗರು ಮಾತ್ರ ನಿಜಾಮನ ಹೈದರಾಬಾದ್ ಚೀಟಿಗಳನ್ನು ಅಂಟಿಸುತ್ತಿದ್ದರು. ಹೀಗೆ ‘ಅಂಚೆ’ ಎಂಬ ಪದವನ್ನು ಕನ್ನಡದ ಬಾಯಲ್ಲಿ ಉಳಿಸಿದ ಮೈಸೂರಿಗೆ ಚೀಟಿಯ ಆಲ್ಬಮ್ಮಿನಲ್ಲಿ ಒಂದು ಪುಟವೂ ಇಲ್ಲ. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ ಕೂಡ. ನಳದಮಯಂತಿಯರ ನಡುವೆ ಓಲೆಯ ಕೆಲಸ ಮಾಡಿದ್ದು ಹಂಸವೇ ಎಂಬುದು ಕನ್ನಡ ನಿಘಂಟು ತಿರುವಿದವರಿಗೆ ಸಿಗುವ ಬಿಟ್ಟಿ ಸಂತೋಷ.

ಸಂಸ್ಥಾನಗಳ ಪೈಕಿ ತಪ್ಪಿಗೆ ಹೆಸರಾದದ್ದು ಭೋಪಾಲ. ಅದರ ಹಳೆಯ ಚೀಟಿಗಳಲ್ಲಿ ನವಾಬ್ ಷಾಜಹಾನ್ ಬೇಗಂ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೆತ್ತಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬುದು ನೋಡಿದೊಡನೆ ಗೊತ್ತಾಗುತ್ತದೆ. ಒಂದರಲ್ಲಿ ನವಾಬಿಗೆ ‘ಎ’ ತಪ್ಪಿದೆ, ಇನ್ನೊಂದರಲ್ಲಿ ಬೇಗಮ್ಮಿನ ‘ಇ’ ‘ಎಫ್’ ಆಗಿದೆ. ಒಂದೇ ಹಾಳೆಯಲ್ಲಿ ರಾಣಿಗೆ ನಾಲ್ಕಾರು ಹೆಸರು.

ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರದು: ತ್ರಿವರ್ಣ ಧ್ವಜ, ಪಕ್ಕದಲ್ಲಿ ‘ಜೈ ಹಿಂದ್’. ಮರುವರ್ಷ ಸ್ವಾತಂತ್ರ್ಯದಿನಕ್ಕೆ ಗಾಂಧೀಜಿಯವರ ನಾಲ್ಕು ಚೀಟಿ ಬಂದವು. ಸ್ವದೇಶಿಯ ಹರಿಕಾರನ ಚೀಟಿಗಳು ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ನಾಲ್ಕನೆಯದರ ಮುಖಬೆಲೆ ಹತ್ತು ರೂಪಾಯಿ. ದರಿದ್ರನಾರಾಯಣನ ಕೈಗೆಟುಕುವ ಮಾತಲ್ಲ. ಅದರಲ್ಲಿ ನೂರು ಪ್ರತಿಗಳ ಮೇಲೆ ‘ಸರ್ವೀಸ್’ ಎಂದು ಅಚ್ಚೊತ್ತಿ ಗವರ್ನರ್ ಜನರಲ್ ಕಚೇರಿಗೆ ಕೊಟ್ಟಿದ್ದರು. ಅಂಥ ನಾಲ್ಕು ಚೀಟಿಗಳ ಪಟ್ಟಿಯೊಂದು 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. 2011ರಲ್ಲಿ ಇಲಾಖೆ ಖಾದಿ ಬಟ್ಟೆಯ ಮೇಲೆಯೇ ಗಾಂಧಿ ಚೀಟಿ ಅಚ್ಚುಹಾಕಿ 250 ರೂಪಾಯಿಗೆ ಮಾರಿತು.

ಬದುಕಿರುವವರ ಚಿತ್ರ ಚೀಟಿಗೆ ಬರುವುದು ನಮ್ಮಲ್ಲಿ ಅಪರೂಪ. ಆ ಗೌರವ ಮೊದಲು ಪಡೆದವರು ಮಹರ್ಷಿ ಧೋಂಡೊ ಕೇಶವ ಕರ್ವೆ, 1958ರಲ್ಲಿ ನೂರು ತುಂಬಿದಾಗ. ಎರಡನೆಯವರು ಸರ್ ಎಂ. ವಿಶ್ವೇಶ್ವರಯ್ಯ. 1960ರ ಸೆಪ್ಟೆಂಬರ್ 15ರಂದು ಅವರ ಜನ್ಮಶತಮಾನೋತ್ಸವಕ್ಕೆ 15 ನಯೇ ಪೈಸೆಯ ಚೀಟಿ ಬಂತು. ತಮ್ಮ ಮುಖ ಹೊತ್ತ ಚೀಟಿಯ ಮೇಲೆ ಠಸ್ಸೆ ಬೀಳುವುದನ್ನು ಕಂಡ ಏಕೈಕ ಮೈಸೂರು ದಿವಾನರು.

ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆಯೂ ಭಾರತದ್ದೇ. 1911ರ ಫೆಬ್ರುವರಿ 18ರಂದು ಹೆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಅಲಹಾಬಾದಿನ ವಸ್ತುಪ್ರದರ್ಶನದ ಮೈದಾನದಿಂದ ಸುಮಾರು 6,500 ಕಾಗದ ಹೊತ್ತು ಯಮುನೆಯನ್ನು ದಾಟಿ, ಹದಿಮೂರು ನಿಮಿಷದಲ್ಲಿ ನೈನಿಯಲ್ಲಿ ಇಳಿದ. ಇವನಿಗೂ ಮಿಗಿಲಾದವನು ಕಲ್ಕತ್ತೆಯ ಸ್ಟೀಫನ್ ಸ್ಮಿತ್. 1934ರಿಂದ ಹತ್ತು ವರ್ಷಗಳಲ್ಲಿ ಸುಮಾರು 270 ರಾಕೆಟ್ ಹಾರಿಸಿದ. ಅನೇಕವುಗಳಲ್ಲಿ ಅಂಚೆ ಇತ್ತು. 1935ರಲ್ಲಿ ದಾಮೋದರ ನದಿಯಾಚೆಗೆ ಒಂದು ಹುಂಜ, ಒಂದು ಹೇಂಟೆಯನ್ನು ರಾಕೆಟ್ಟಿನಲ್ಲಿ ಕಳಿಸಿದ. ಎರಡೂ ಬದುಕಿ ಇಳಿದವು. ಸಿಕ್ಕಿಂ ಮಹಾರಾಜರು ಅವನಿಗೆ ಒತ್ತಾಸೆಯಾಗಿದ್ದರು.

ಕರ್ನಾಟಕದವರ ಮೂಗಿಗೆ ಹತ್ತಿರವಾದ ಸಂಗತಿಯೂ ಒಂದಿದೆ. ಭಾರತದ ಮೊದಲ ಪರಿಮಳದ ಚೀಟಿ 2006ರ ಡಿಸೆಂಬರ್‌ನಲ್ಲಿ ಬಂದದ್ದು ಶ್ರೀಗಂಧದ ಹೆಸರಿನಲ್ಲಿ. ಬೆಲೆ 15 ರೂಪಾಯಿ. ಗುಲಾಬಿ, ಮಲ್ಲಿಗೆ ಅದರ ಬೆನ್ನಿಗೆ ಬಂದವು. 2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿ ಪರಿಮಳದ ಚೀಟಿಗೆ ನೂರು ರೂಪಾಯಿ. ಪರಿಮಳ ಉಳಿಯಬೇಕೆಂದರೆ ಚೀಟಿಯನ್ನು ಮುಚ್ಚಿಡಬೇಕು, ಮುಚ್ಚಿಟ್ಟರೆ ಮೂಸುವಂತಿಲ್ಲ.

ಹಾಡುವ ಚೀಟಿ, ಆಲೂಗೆಡ್ಡೆಯ ಚೀಟಿ

ಚೀಟಿ ಕಾಗದದ್ದೇ ಆಗಬೇಕೆಂಬ ನಿಯಮವನ್ನು ಭೂತಾನ್ ಮುರಿದಷ್ಟು ಯಾರೂ ಮುರಿಯಲಿಲ್ಲ. ರಸ್ತೆಗಳಿಗೂ ಅಭಿವೃದ್ಧಿಗೂ ಹಣ ಬೇಕಿದ್ದ ಈ ಪುಟ್ಟ ರಾಜ್ಯಕ್ಕೆ ಬರ್ಟ್ ಟಾಡ್ ಎಂಬ ಅಮೆರಿಕದ ಸ್ನೇಹಿತ ಕೊಟ್ಟ ಸಲಹೆ: ಚೀಟಿ ಮಾರಿ. ಉಕ್ಕಿನ ತೆಳು ಹಾಳೆಯ ಮೇಲೆ, ರೇಷ್ಮೆಯ ಮೇಲೆ, ಮೂರು ಆಯಾಮದಲ್ಲಿ ಕಾಣುವಂತೆ, ಗುಲಾಬಿ ಪರಿಮಳದೊಡನೆ ಚೀಟಿಗಳು ಬಂದವು. ಎಲ್ಲಕ್ಕೂ ಮುಕುಟ 1972ರ ಗ್ರಾಮಾಫೋನ್ ತಟ್ಟೆಗಳು. ಹಿಂಬದಿಯ ಅಂಟು ಬಿಡಿಸಿ ಲಕೋಟೆಗೆ ಹಚ್ಚಬಹುದು. ಹಾಗೆಯೇ ಯಂತ್ರಕ್ಕೆ ಹಾಕಿ ಮುಳ್ಳು ಇಟ್ಟರೆ ಭೂತಾನಿನ ರಾಷ್ಟ್ರಗೀತೆ, ಜನಪದ ಹಾಡು, ದೇಶದ ಚರಿತ್ರೆಯ ಸಂಕ್ಷೇಪ ಕೇಳಿಸುತ್ತದೆ. ಗಂಭೀರ ಸಂಗ್ರಹಕಾರರು ಇದನ್ನು ಆಟಿಕೆಯೆಂದು ತಳ್ಳಿಹಾಕಿದ್ದರು. ಈಗ ಅವುಗಳ ಹಿಂದೆ ಹಳೆಯ ತಟ್ಟೆಗಳ ಹುಚ್ಚಿನವರೂ ಬಿದ್ದಿರುವುದರಿಂದ ಬೆಲೆ ಏರಿಕೂತಿದೆ.

ಟೋಂಗಾ 1969ರಲ್ಲಿ ಬಾಳೆಹಣ್ಣಿನ ಆಕಾರದ ಚೀಟಿ ತಂದಿತು. ಸಿಯೆರಾ ಲಿಯೋನ್ 1964ರಲ್ಲೇ ನಕಾಶೆಯ ಆಕಾರದಲ್ಲಿ, ಎಂಜಲು ಹಚ್ಚಬೇಕಿಲ್ಲದ ಸ್ವಯಂ ಅಂಟಿನ ಚೀಟಿ ತಂದಿತ್ತು. ಕೊಲಂಬಿಯಾದ ಬೊಲಿವಾರ್ ರಾಜ್ಯದ 1863ರ ಚೀಟಿ ಬರೀ 8 ಮಿಲಿಮೀಟರ್ ಅಗಲ, 9.5 ಮಿಲಿಮೀಟರ್ ಉದ್ದ. ಠಸ್ಸೆ ಬಿದ್ದರೆ ಚೀಟಿಯೇ ಮಾಯ. ದಕ್ಷಿಣ ಅಟ್ಲಾಂಟಿಕ್ಕಿನ ಟ್ರಿಸ್ಟನ್ ಡ ಕುನ್ಹಾ ದ್ವೀಪದಲ್ಲಿ ನಾಣ್ಯಕ್ಕಿಂತ ಆಲೂಗೆಡ್ಡೆಯ ಚಲಾವಣೆಯೇ ಹೆಚ್ಚಾಗಿದ್ದ ಕಾಲದಲ್ಲಿ, 1946ರಲ್ಲಿ, ಒಂದು ಪೆನ್ನಿ ಎಂಬುದರ ಜೊತೆಗೆ ‘4 ಆಲೂಗೆಡ್ಡೆ’ ಎಂದೂ ಬರೆದ ಚೀಟಿಯನ್ನು ತಯಾರಿಸಿ ಮಂಜೂರಾತಿಗೆ ಕಳಿಸಿದ್ದರು. ಲಂಡನ್ ಒಪ್ಪಲಿಲ್ಲ.

ಭೂಮಿಯಾಚೆಗೂ ಚೀಟಿ ಹೋಗಿದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಅಂಚೆ ಇಲಾಖೆಯ ಪರವಾಗಿ ಠಸ್ಸೆ ಒತ್ತಿದ. ಅದು ಅಧಿಕೃತ. ಅದೇ ನೌಕೆಯಲ್ಲಿ 398 ಲಕೋಟೆಗಳನ್ನು ಯಾತ್ರಿಗಳು ಯಾರಿಗೂ ಹೇಳದೆ ಒಯ್ದಿದ್ದರು. ಅವುಗಳಲ್ಲಿ ನೂರು ಜರ್ಮನಿಯ ವ್ಯಾಪಾರಿಯೊಬ್ಬನ ಮೂಲಕ ಮಾರಾಟವಾದಾಗ ಗುಟ್ಟು ರಟ್ಟಾಯಿತು. ಮೂವರೂ ಮತ್ತೆ ಬಾಹ್ಯಾಕಾಶಕ್ಕೆ ಹಾರಲಿಲ್ಲ.

ಅಸಲಿಗಿಂತ ಅಸಲಿ

ಖೋಟಾ ಚೀಟಿಗಳ ಚರಿತ್ರೆಯಲ್ಲಿ ಜಾನ್ ದೆ ಸ್ಪೆರಾತಿಯ ಸ್ಥಾನಕ್ಕೆ ಯಾರೂ ಬರಲಾರರು. ಇಟಲಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಈತ ಹಳೆಯ ಅಗ್ಗದ ಚೀಟಿಯೊಂದನ್ನು ಕೊಂಡು, ಅದರ ಚಿತ್ರವನ್ನು ರಾಸಾಯನಿಕದಿಂದ ಅಳಿಸಿ, ಉಳಿದ ಆ ಕಾಲದ ಅಸಲಿ ಕಾಗದದ ಮೇಲೆಯೇ ದುಬಾರಿ ಚೀಟಿಯ ಚಿತ್ರವನ್ನು ಅಚ್ಚುಹಾಕುತ್ತಿದ್ದ. ಕಾಗದ ಹಳೆಯದು, ನೀರುಗುರುತು ಹಳೆಯದು, ಎಷ್ಟೋ ಸಲ ಠಸ್ಸೆಯೂ ಅಸಲಿ.

1942ರಲ್ಲಿ ಅವನು ಪೋರ್ಚುಗಲ್ಲಿಗೆ ಕಳಿಸಿದ ಒಂದು ಪೊಟ್ಟಣವನ್ನು ಫ್ರೆಂಚ್ ಸುಂಕದ ಅಧಿಕಾರಿಗಳು ಹಿಡಿದರು. ಬೆಲೆಬಾಳುವ ಚೀಟಿಗಳನ್ನು ಪರವಾನಗಿಯಿಲ್ಲದೆ ದೇಶದಾಚೆ ಸಾಗಿಸುತ್ತಿದ್ದಾನೆಂಬ ಆರೋಪ. ಇವು ನಾನೇ ಮಾಡಿದ ನಕಲು, ಇವಕ್ಕೆ ಬೆಲೆಯೇ ಇಲ್ಲ ಎಂದು ಸ್ಪೆರಾತಿ ಅಂಗಲಾಚಿದ. ಪರಿಶೀಲಿಸಿದ ತಜ್ಞರು ಅಸಲಿಯೆಂದೇ ಬರೆದುಕೊಟ್ಟರು. ತಾನು ಖೋಟಾಗಾರನೆಂದು ರುಜುವಾತು ಮಾಡಲು ಅವನು ಅದೇ ಚೀಟಿಗಳನ್ನು ಮತ್ತೆ ಮಾಡಿ ತೋರಿಸಬೇಕಾಯಿತು. ಕೊನೆಗೆ 1950ರ ದಶಕದಲ್ಲಿ ಬ್ರಿಟನ್ನಿನ ಸಂಗ್ರಹಕಾರರ ಸಂಘ ಅವನ ಸರಕು, ಸಲಕರಣೆಗಳನ್ನೆಲ್ಲ ಹಣ ಕೊಟ್ಟು ಕೊಂಡು, ಇನ್ನು ಮುಂದೆ ಮಾಡುವುದಿಲ್ಲವೆಂದು ಮಾತು ತೆಗೆದುಕೊಂಡಿತು. ಅವನು 1957ರಲ್ಲಿ ತೀರಿಕೊಂಡ. ಈಗ ಸ್ಪೆರಾತಿಯ ಖೋಟಾಗಳನ್ನೇ ಆಯ್ದು ಕೂಡಿಸುವವರಿದ್ದಾರೆ. ಕೆಲವು ಚೀಟಿಗಳಲ್ಲಿ ಅಸಲಿಗಿಂತ ಅವನ ನಕಲಿಗೇ ಬೆಲೆ ಜಾಸ್ತಿ.